ತಂದೆಯ ಪ್ರೀತಿಗೆ ಹುಡುಗ ತೆರಬೇಕಾದ ಬೆಲೆ

ಮಕ್ಕಳ ಸಾಹಿತ್ಯದಲ್ಲಿ ಲಿಂಗ ತಾರತಮ್ಯದ ಮಾತು ಬಂದಾಗಲೆಲ್ಲ ನಾವು ಹುಡುಗಿಯರ ಪಾತ್ರಗಳ ಬಗ್ಗೆ ಚರ್ಚಿಸುತ್ತೇವೆ. ಅದು ಅಗತ್ಯವೂ ಹೌದು. ಆದರೆ ಹುಡುಗನೊಬ್ಬ ಹೇಗಿರಬೇಕೆಂದು ಅದೇ ಪುಸ್ತಕಗಳು ಕಲಿಸುವ ಪಾಠವನ್ನು ಅಷ್ಟಾಗಿ ಗಮನಿಸುವುದಿಲ್ಲ. ಫ್ರಾನ್ಸೆಸ್ ಹಾಡ್ಗ್‌ಸನ್ ಬರ್ನೆಟ್ ಅವರ 'ದಿ ಸೀಕ್ರೆಟ್ ಗಾರ್ಡನ್' (1911) ಕಾದಂಬರಿಯನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ಓದಬೇಕು.

ಭಾರತದಲ್ಲಿ ಕಾಲರಾಕ್ಕೆ ತಂದೆತಾಯಿಯನ್ನು ಕಳೆದುಕೊಂಡ ಮೇರಿ ಎಂಬ ಬಾಲಕಿ, ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿರುವ ಮಾವನ ಬಂಗಲೆಗೆ ಬರುತ್ತಾಳೆ. ಅಲ್ಲಿ ಹತ್ತು ವರ್ಷದ ಕಾಲಿನ್ ಹಾಸಿಗೆ ಹಿಡಿದು ಮಲಗಿದ್ದಾನೆ. ತನಗೆ ಗೂನು ಬರುತ್ತದೆ, ತಾನು ಸಾಯುತ್ತೇನೆ ಎಂಬ ಭಯ ಅವನಿಗೆ. ಅವನ ಬೆನ್ನು ನೋಡಿ, ಗೂನೂ ಇಲ್ಲ ಏನೂ ಇಲ್ಲ ಎಂದು ಗದರಿ ಹೇಳುವವಳು ಮೇರಿ. ಮುಚ್ಚಿದ ತೋಟದ ಬಾಗಿಲು ತೆರೆದವಳೂ ಅವಳೇ.

ಇಬ್ಬರೂ ಹಟಮಾರಿಗಳು, ಆಳುಕಾಳುಗಳ ಮೇಲೆ ದರ್ಪ ತೋರುವವರು. ಆದರೆ ಹುಡುಗಿಯ ದರ್ಪ ವಾಸಿಯಾಗಬೇಕಾದ ಕಾಯಿಲೆ. ಹುಡುಗನ ದರ್ಪವನ್ನೂ ಲೇಖಕಿ ಟೀಕಿಸುತ್ತಾರೆ, ನಿಜ. ಆದರೂ ಅದು ಕೊನೆಗೆ ನಾಯಕತ್ವವಾಗಿ ಬೆಳೆಯುತ್ತದೆ. ತೋಟದಲ್ಲಿ ಎಲ್ಲರನ್ನೂ ಸುತ್ತ ಕೂರಿಸಿ ಭಾಷಣ ಮಾಡುವವನು, ವಿಜ್ಞಾನಿಯಾಗುತ್ತೇನೆಂದು ಘೋಷಿಸುವವನು ಅವನೇ. ಕೊನೆಯ ಪುಟದಲ್ಲಿ ತಂದೆಯೂ ಮಗನೂ ಜೊತೆಯಾಗಿ ಬಂಗಲೆಯತ್ತ ನಡೆದು ಬರುತ್ತಾರೆ. ಮೇರಿ ಆ ಚಿತ್ರದಲ್ಲಿಲ್ಲ.

ಹಾಗಾದರೆ ಲಾಭವೆಲ್ಲ ಹುಡುಗನದೇ? ಅಲ್ಲ. ಹೆಂಡತಿ ತೀರಿಹೋದ ದುಃಖದಲ್ಲಿ ಈ ತಂದೆ ಮಗನ ಮುಖ ನೋಡಲೂ ಹಿಂಜರಿದು ದೂರ ದೇಶಗಳಲ್ಲಿ ಅಲೆದವನು. ಮಗ ಅವನ ಮೇಲೆ ಸಿಟ್ಟಾಗುವುದಿಲ್ಲ. ಬದಲಿಗೆ, ತಾನು ಚೇತರಿಸಿಕೊಂಡ ಸುದ್ದಿಯನ್ನೇ ಮುಚ್ಚಿಡುತ್ತಾನೆ. ಎಲ್ಲ ಹುಡುಗರಂತೆ ನೆಟ್ಟಗೆ ನಡೆದು ತಂದೆಯ ಮುಂದೆ ನಿಲ್ಲುವವರೆಗೂ ಅವರಿಗೆ ತಿಳಿಯಕೂಡದು ಎಂಬುದು ಅವನ ಹಟ. ಪ್ರೀತಿ ಹಕ್ಕಲ್ಲ, ಗಟ್ಟಿಮುಟ್ಟಾಗಿ ಗಳಿಸಬೇಕಾದ ಬಹುಮಾನ ಎಂದು ಆ ಮಗು ನಂಬಿದೆ. ತಂದೆಯ ಮನಸ್ಸು ಕರಗುವುದು ಮಗ ನಡೆಯುತ್ತಾನೆಂದು ತಿಳಿಯುವ ಮೊದಲೇ. ಆದರೆ ಕಥೆ ಆ ಪ್ರೀತಿಯನ್ನು ಪರೀಕ್ಷೆಗೆ ಒಡ್ಡುವುದಿಲ್ಲ. ಓಟದಲ್ಲಿ ಎಲ್ಲರಿಗಿಂತ ಮುಂದೆ ಬಂದ ಮಗನನ್ನೇ ಅವನ ತೋಳಿಗೆ ಒಪ್ಪಿಸುತ್ತದೆ.

ಇದೇ ಲೇಖಕಿ 'ಲಿಟಲ್ ಲಾರ್ಡ್ ಫಾಂಟ್ಲೆರಾಯ್' (1886) ಕೃತಿಯಲ್ಲಿ, ಒಳ್ಳೆಯತನದಿಂದಲೇ ಕಲ್ಲುಮನಸ್ಸಿನ ಅಜ್ಜನನ್ನು ಬದಲಿಸುವ ಏಳು ವರ್ಷದ ಹುಡುಗನನ್ನು ಸೃಷ್ಟಿಸಿದ್ದರು. ಅವನ ಮಖಮಲ್ಲಿನ ಅಂಗಿ, ಲೇಸಿನ ಕಾಲರು ತಾಯಂದಿರಿಗೆ ಮೆಚ್ಚುಗೆಯಾಯಿತು. ಕ್ರಮೇಣ ಆ ಹೆಸರು ಮೃದು ಸ್ವಭಾವದ ಹುಡುಗರನ್ನು ಹಂಗಿಸುವ ಪದವಾಯಿತು. 1921ರ ಸಿನಿಮಾದಲ್ಲಿ ಆ ಹುಡುಗನ ಪಾತ್ರವನ್ನೂ ಅವನ ತಾಯಿಯ ಪಾತ್ರವನ್ನೂ ನಟಿ ಮೇರಿ ಪಿಕ್‌ಫೋರ್ಡ್ ಒಬ್ಬರೇ ನಿರ್ವಹಿಸಿದರು.

'ಸೀಕ್ರೆಟ್ ಗಾರ್ಡನ್'ನಲ್ಲಿ ಆ ಮೃದುತ್ವ ಉಳಿದಿರುವುದು ಡಿಕನ್ ಎಂಬ ಬಡ ಹುಡುಗನಲ್ಲಿ. ತಬ್ಬಲಿ ಕುರಿಮರಿಗೆ ಬಾಟಲಿಯಲ್ಲಿ ಹಾಲು ಕುಡಿಸುವ, ಗಿಡ ಚಿಗುರಿದರೆ ಹಿಗ್ಗುವ ಅವನನ್ನು ಯಾರೂ ಹೆಣ್ಣಿಗ ಎನ್ನುವುದಿಲ್ಲ. ಏಕೆಂದರೆ ಅವನು ಯಾವ ಬಂಗಲೆಗೂ ವಾರಸುದಾರನಲ್ಲ. ಆಸ್ತಿಗೆ ಒಡೆಯನಾಗಬೇಕಾದವನು ಮಾತ್ರ ಎದೆಯುಬ್ಬಿಸಿ ನಡೆಯಬೇಕು.

ಹಾಗೆಂದು ಈ ಪುಸ್ತಕವನ್ನು ಮಕ್ಕಳ ಕೈಯಿಂದ ಕಸಿಯಬೇಕಿಲ್ಲ. ಮಣ್ಣು, ಗಾಳಿ, ಗೆಳೆತನಗಳು ಮಕ್ಕಳನ್ನು ಹೇಗೆ ಅರಳಿಸುತ್ತವೆಂದು ಇಷ್ಟು ಸೊಗಸಾಗಿ ಹೇಳಿದ ಕೃತಿಗಳು ವಿರಳ. ಆದರೆ ಓದಿ ಮುಗಿಸಿದ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಪ್ರಶ್ನೆ ಕೇಳಿ: ಕಾಲಿನ್ ಎದ್ದು ನಡೆಯದೇ ಇದ್ದಿದ್ದರೆ ಅವನ ತಂದೆ ಅವನನ್ನು ಅಪ್ಪಿಕೊಳ್ಳುತ್ತಿದ್ದರೇ? ಅವನು ಉತ್ತರಕ್ಕಾಗಿ ನೋಡುವುದು ಪುಸ್ತಕವನ್ನಲ್ಲ, ನಿಮ್ಮ ಮುಖವನ್ನು.