ಬಿಳಿಯ ಚಿತ್ರಕ್ಕೊಂದು ದೃಷ್ಟಿಬೊಟ್ಟು

ಸುದ್ದಗುಂಟೆಪಾಳ್ಯದ ನಮ್ಮ ಮನೆಯ ಕೆಳಗಿನ ಮಹಡಿಯಲ್ಲಿ ಆರು ತಿಂಗಳ ಹೆಣ್ಣು ಮಗುವಿದೆ. ಅನ್ನಪ್ರಾಶನವಾದ ಮರುವಾರ ಮನೆಯವರು ಒಂದು ಸ್ಟುಡಿಯೊಗೆ ಹೋಗಿ ಅದರ ಫೋಟೊ ತೆಗೆಸಿ, ದೊಡ್ಡದಾಗಿ ಪ್ರಿಂಟು ಹಾಕಿಸಿ, ಫ್ರೇಮು ಕಟ್ಟಿಸಿ ತಂದರು. ಬಿಳಿ ಹಾಸು, ಬಿಳಿ ಗೋಡೆ, ಬಿಳಿ ಲಂಗ, ನಡುವೆ ಮಗು. ಎಲ್ಲರೂ ಸುತ್ತ ನಿಂತು ನೋಡಿದರು. ಅಜ್ಜಿ ಮಾತ್ರ ಕನ್ನಡಕ ಸರಿಮಾಡಿಕೊಂಡು ಹತ್ತಿರ ಹೋಗಿ, ಬಹಳ ಹೊತ್ತು ನೋಡಿ ಕೇಳಿದರು: “ಕೆನ್ನೆ ಮೇಲೆ ಬೊಟ್ಟಿಟ್ಟು ಕಳಿಸಿದ್ನಲ್ಲಾ, ಎಲ್ಲೋಯ್ತು?”

ಬೊಟ್ಟನ್ನು ಅಳಿಸಿಬಿಟ್ಟಿದ್ದರು. ಕಲೆ ಎಂದುಕೊಂಡು ಕಂಪ್ಯೂಟರಿನಲ್ಲಿ ಒರೆಸಿದ್ದರು. ಅದರ ಜೊತೆಗೆ ಮಗುವಿನ ಎಣ್ಣೆಗೆಂಪು ಮೈಬಣ್ಣವೂ ಹೋಗಿತ್ತು, ಮೂಗಿನ ಪಕ್ಕದ ನಸುನೆರಳೂ ಹೋಗಿತ್ತು, ಗಲ್ಲದ ಕೆಳಗಿನ ಮಡಿಕೆಯೂ ಹೋಗಿತ್ತು. ಉಳಿದದ್ದು ಬಿಳಿಯ ಮೇಲೆ ತೇಲುವ ಎರಡು ಕಣ್ಣು, ಒಂದು ಬಾಯಿ. “ಹೈ-ಕೀ ಅಂತೆ ಸಾರ್, ಈಗ ಎಲ್ಲರೂ ಮಕ್ಕಳಿಗೆ ಇದನ್ನೇ ಮಾಡಿಸ್ತಾರಂತೆ” ಎಂದರು ಮಗುವಿನ ತಂದೆ. ಅದು ಹೈ-ಕೀ ಅಲ್ಲ. ಹೈ-ಕೀ ಯಾವುದು ಎಂದು ಹೇಳಲು ಈ ವಾರದ ಅಂಕಣ ಪೂರ್ತಿ ಬೇಕು.

ಈ ಮಾತನ್ನು ಸಂಗೀತದ ಕಡೆಯಿಂದ ನೋಡಿದರೆ ಬೇಗ ತಿಳಿಯುತ್ತದೆ. ಗಾಯಕರು ತಾರಸ್ಥಾಯಿಯಲ್ಲಿ ನಿಂತು ರಾಗವನ್ನು ಬೆಳೆಸುವಾಗ ಸ್ವರಗಳ ನಡುವಿನ ಅಂತರ ಅಳಿಸಿಹೋಗುವುದಿಲ್ಲ. ಗಾಂಧಾರ ಗಾಂಧಾರವಾಗಿಯೇ ಇರುತ್ತದೆ, ಪಂಚಮ ಪಂಚಮವಾಗಿಯೇ ಇರುತ್ತದೆ. ಎಲ್ಲವೂ ಎತ್ತರದಲ್ಲಿ ನಡೆಯುತ್ತವೆ, ಅಷ್ಟೆ. ಹೈ-ಕೀ ಚಿತ್ರವೂ ಹೀಗೆಯೇ. ಬಿಳಿ, ಅದಕ್ಕಿಂತ ತುಸು ಕಡಿಮೆ ಬಿಳಿ, ಕೆನೆಬಣ್ಣ, ತಿಳಿಬೂದು ಎಂಬ ಮೇಲಿನ ಮೆಟ್ಟಿಲುಗಳಲ್ಲೇ ಚಿತ್ರದ ಬಹುಪಾಲು ಓಡಾಡುತ್ತದೆ. ಆದರೆ ಮೆಟ್ಟಿಲುಗಳು ಇರಲೇಬೇಕು. ಎಲ್ಲವೂ ಒಂದೇ ಬಿಳಿಯಾದರೆ ಅದು ರಾಗವಲ್ಲ, ಒಂದೇ ಸ್ವರದ ಕೂಗು.

ಹಿನ್ನೆಲೆ ಬಿಳಿಯಾಗಿದ್ದ ಮಾತ್ರಕ್ಕೆ ಚಿತ್ರ ಹೈ-ಕೀ ಆಗುವುದೂ ಇಲ್ಲ. ಅಮೆರಿಕದ ರಿಚರ್ಡ್ ಆವೆಡಾನ್ 1979ರಿಂದ 1984ರವರೆಗೆ ಆ ದೇಶದ ಪಶ್ಚಿಮ ಸೀಮೆಯ ಗಣಿ ಕೆಲಸಗಾರರನ್ನೂ ಅಲೆಮಾರಿಗಳನ್ನೂ ಬಯಲಿನ ನೆರಳಿನಲ್ಲಿ ಬಿಳಿ ಕಾಗದದ ಮುಂದೆ ನಿಲ್ಲಿಸಿ ತೆಗೆದ ಚಿತ್ರಗಳು ಜಗತ್ಪ್ರಸಿದ್ಧ. ಹಿನ್ನೆಲೆ ಅಚ್ಚ ಬಿಳಿ; ಮುಖಗಳ ಮೇಲೋ ಮಸಿ, ಸುಕ್ಕು, ದಣಿವು. ಅವು ಕಣ್ಣಿಗೆ ಭಾರವಾದ ಚಿತ್ರಗಳು. ಅಲ್ಲಿ ಬಿಳಿ ಇರುವುದು ಮುಖದ ಕಪ್ಪನ್ನು ಎತ್ತಿ ತೋರಿಸಲು. ಹೈ-ಕೀಯಲ್ಲಿ ಬಿಳಿಯ ಕೆಲಸ ಬೇರೆ: ನೋಡುವವರ ಮನಸ್ಸನ್ನು ಹಗುರ ಮಾಡುವುದು.

ಕ್ಯಾಮೆರಾಗೆ ಬಿಳಿ ಎಂದರೆ ಏನೆಂದು ಗೊತ್ತಿಲ್ಲ. ಅದನ್ನು ಕಣ್ಣಾರೆ ನೋಡಬೇಕಾದರೆ ನಾಳೆ ಬೆಳಿಗ್ಗೆ ಬಿಳಿ ಪಿಂಗಾಣಿ ತಟ್ಟೆಯಲ್ಲಿ ಎರಡು ಇಡ್ಲಿ ಇಟ್ಟು, ಬಿಳಿ ಬಟ್ಟೆಯ ಮೇಲೆ ತಟ್ಟೆ ಇಟ್ಟು, ಕ್ಯಾಮೆರಾವನ್ನು ಆಟೊದಲ್ಲೇ ಬಿಟ್ಟು ಒಂದು ಚಿತ್ರ ತೆಗೆಯಿರಿ. ಅಕ್ಕಿ ಇಡ್ಲಿ ರಾಗಿ ಬೆರೆಸಿದಂತೆ ಮಂಕಾಗಿ ಬರುತ್ತದೆ. ಕ್ಯಾಮೆರಾದೊಳಗಿನ ಮೀಟರು ಎದುರಿಗೆ ಏನೇ ಇರಲಿ, ಅದನ್ನು ನಡುಬೂದು ಎಂದೇ ತಿಳಿಯುತ್ತದೆ. ಅಂದರೆ ಬಿದ್ದ ಬೆಳಕಿನಲ್ಲಿ ಸುಮಾರು ಶೇ 18ರಷ್ಟನ್ನು ಹಿಂದಿರುಗಿಸುವ ಬಣ್ಣ. ಬಿಳಿ ಬಟ್ಟೆ, ಬಿಳಿ ಕಾಗದ ಶೇ 90ರ ಆಸುಪಾಸಿನಷ್ಟು ಹಿಂದಿರುಗಿಸುತ್ತವೆ, ಅಂದರೆ ಐದು ಪಟ್ಟು. ಇಷ್ಟೊಂದು ಬೆಳಕೇ ಎಂದು ಮೀಟರು ಹೆದರಿ ಅದನ್ನು ತಗ್ಗಿಸಿಬಿಡುತ್ತದೆ. ಹೆದರಬೇಡ ಎಂದು ಹೇಳುವ ಕೆಲಸ ನಮ್ಮದು. ಎಕ್ಸ್‌ಪೋಷರ್ ಕಾಂಪನ್ಸೇಷನ್ ಎಂಬ ಗುಂಡಿಯನ್ನು ಪ್ಲಸ್ ಒಂದೂವರೆಯಿಂದ ಎರಡು ಸ್ಟಾಪಿನವರೆಗೆ ಏರಿಸಿ. ಒಂದು ಸ್ಟಾಪ್ ಎಂದರೆ ಬೆಳಕು ಎರಡರಷ್ಟು, ಎರಡು ಸ್ಟಾಪ್ ಎಂದರೆ ನಾಲ್ಕರಷ್ಟು. ಈಗ ಇಡ್ಲಿ ಬೆಳ್ಳಗೆ ಬರುತ್ತದೆ, ಅದರ ಮೇಲಿನ ಸಣ್ಣ ತೂತುಗಳೂ ಕಾಣುತ್ತವೆ. ಇನ್ನೊಂದು ಸ್ಟಾಪ್ ಏರಿಸಿದರೆ ತೂತುಗಳು ಮಾಯ. ಹೈ-ಕೀಗೂ ಹಾಳಾದ ಚಿತ್ರಕ್ಕೂ ಇರುವ ಅಂತರ ಆ ತೂತುಗಳಷ್ಟೇ ಸಣ್ಣದು.

ಇದು ಅರ್ಧ ಪಾಠ. ಉಳಿದರ್ಧ ನೆರಳಿನದು, ಮತ್ತು ಅದೇ ಮುಖ್ಯ. ಬಹಳ ಬೆಳಕು ಇದ್ದರೆ ಹೈ-ಕೀ ಆಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಏಪ್ರಿಲ್ ಮಧ್ಯಾಹ್ನದ ಬೆಂಗಳೂರಿನಲ್ಲಿ ಬೆಳಕಿಗೇನು ಬರವೇ? ಆದರೂ ಆ ಬಿಸಿಲಿನಲ್ಲಿ ಮುಖ ತೆಗೆದರೆ ಕಣ್ಣುಗುಳಿಗಳು ಕಪ್ಪಾಗುತ್ತವೆ. ಮುಖ್ಯವಾಗಿ ಬೀಳುವ ಬೆಳಕನ್ನು ಕೀ ಲೈಟ್ ಎನ್ನುತ್ತಾರೆ, ನೆರಳಿನ ಕಡೆಯನ್ನು ತುಂಬುವ ಬೆಳಕನ್ನು ಫಿಲ್ ಲೈಟ್ ಎನ್ನುತ್ತಾರೆ. ಮುಖದ ಒಂದು ಬದಿ ಇನ್ನೊಂದಕ್ಕಿಂತ ಎಂಟು ಪಟ್ಟು ಬೆಳಗಿದ್ದರೆ ಅದು ಗಾಢ ನೆರಳಿನ ಲೋ-ಕೀ ಚಿತ್ರ. ಎರಡು ಪಟ್ಟು, ಅಥವಾ ಅದಕ್ಕೂ ಕಡಿಮೆ ಇದ್ದರೆ ಹೈ-ಕೀಯ ಹಾದಿ ತೆರೆಯುತ್ತದೆ. ಬೆಳಕು ಎಷ್ಟಿದೆ ಎನ್ನುವುದಕ್ಕಿಂತ ಎಷ್ಟು ಕಡೆಯಿಂದ ಬರುತ್ತಿದೆ ಎನ್ನುವುದು ದೊಡ್ಡದು.

ಇದನ್ನು ನಮ್ಮ ದೇಶದಲ್ಲಿ ಬಹಳ ಸುಂದರವಾಗಿ ಮಾಡಿ ತೋರಿಸಿದವರು ಛಾಯಾಗ್ರಾಹಕ ಸುಬ್ರತ ಮಿತ್ರ. 1956ರ ಸತ್ಯಜಿತ್ ರಾಯ್ ಅವರ ‘ಅಪರಾಜಿತೊ’ ಚಿತ್ರಕ್ಕಾಗಿ ಕಾಶಿಯ ಮನೆಯೊಂದರ ಅಂಗಳವನ್ನು ಸ್ಟುಡಿಯೊದೊಳಗೆ ಕಟ್ಟಬೇಕಾಯಿತು. ನಿಜವಾದ ಅಂಗಳದಲ್ಲಿ ಬೆಳಕು ಮೇಲಿನ ಆಕಾಶದಿಂದ ಇಳಿಯುತ್ತದೆ, ಯಾವ ಒಂದು ಕಡೆಯಿಂದಲೂ ಬಂದಂತೆ ಅನಿಸುವುದಿಲ್ಲ. ಮಿತ್ರ ಆ ಸೆಟ್ಟಿನ ಮೇಲೆ ಬಿಳಿ ಬಟ್ಟೆ ಬಿಗಿದು, ದೀಪಗಳನ್ನು ಕೆಳಗಿನಿಂದ ಬಟ್ಟೆಯತ್ತ ತಿರುಗಿಸಿದರು. ಬಟ್ಟೆಗೆ ಬಡಿದು ಇಳಿದ ಬೆಳಕು ಆಕಾಶದ ಬೆಳಕೇ ಆಯಿತು. ಒಂದು ಬಿಳಿ ಬಟ್ಟೆ ಆಕಾಶವಾಗಬಲ್ಲದು ಎಂಬ ಆ ಕಾಣ್ಕೆಯೇ ಇಂದು ಸೂರಿಗೆ ಫ್ಲಾಶ್ ತಿರುಗಿಸುವ ಮದುವೆ ಫೋಟೊಗ್ರಾಫರುಗಳ ಕೆಲಸದಲ್ಲೂ ಇದೆ.

ನಮ್ಮವರೇ ಆದ ವಿ.ಕೆ. ಮೂರ್ತಿ ಅವರನ್ನು ಇಲ್ಲಿ ನೆನೆಯದೆ ಇರಲಾರೆ. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಇಂದಿನ ಎಸ್.ಜೆ. ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು 1946ರಲ್ಲಿ ಹೊರಬಂದವರು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರು. 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ಕತ್ತಲ ಸ್ಟುಡಿಯೊದೊಳಗೆ ಇಳಿಸಿ ಅವರು ಮೂಡಿಸಿದ ಬೆಳಕಿನ ಕಂಬವನ್ನು ನೋಡಿದವರು ಮರೆಯುವುದಿಲ್ಲ. ಅವರ ಬದುಕಿನ ಬಗ್ಗೆ ಉಮಾ ರಾವ್ ಬರೆದ ಪುಸ್ತಕಕ್ಕೆ ‘ಬಿಸಿಲು ಕೋಲು’ ಎಂಬ ಹೆಸರು. ನನ್ನ ಪಾಲಿಗೆ ಮೂರ್ತಿಯವರು ಕತ್ತಲೆಯ ಕವಿ. ಆದರೆ 1957ರ ‘ಪ್ಯಾಸಾ’ದ ಕನಸಿನ ಹಾಡನ್ನು ಮತ್ತೆ ನೋಡಿ. ಮಂಜು ನೆಲವನ್ನೇ ನುಂಗಿದೆ. ಗಟ್ಟಿ ಗೆರೆ, ಗಟ್ಟಿ ಅಂಚು ಎಂಬುದೇ ಅಪರೂಪ. ಉಳಿದ ಚಿತ್ರದ ಕತ್ತಲೆಯ ಪಕ್ಕದಲ್ಲಿ ಆ ಬೆಳಕು ಬಂದಾಗ, ಇದು ಕನಸು ಎಂದು ಯಾರೂ ಹೇಳಬೇಕಾಗಿಲ್ಲ. ನೆರಳನ್ನು ಬಲ್ಲವರಿಗೇ ಅದನ್ನು ಎಲ್ಲಿ ಬಿಡಬೇಕೆಂಬುದೂ ತಿಳಿಯುತ್ತದೆ. ನಮ್ಮ ಭಾಷೆ ಈ ಕಲೆಯನ್ನು ಛಾಯಾಗ್ರಹಣ ಎಂದು ಕರೆಯುತ್ತದೆ. ಛಾಯೆ ಎಂದರೆ ನೆರಳು. ಬಿಳಿಯ ಚಿತ್ರ ತೆಗೆಯುವಾಗಲೂ ನಾವು ಹಿಡಿಯುತ್ತಿರುವುದು ನೆರಳನ್ನೇ, ಅತ್ಯಂತ ನವಿರಾದ ನೆರಳನ್ನು.

ಅಜ್ಜಿಯ ಮುಖ ನೋಡಲಾರದೆ ನಾನೇ ಇನ್ನೊಂದು ಸಲ ತೆಗೆದುಕೊಡುತ್ತೇನೆ ಎಂದೆ. ಶ್ರಾವಣದ ಮೋಡ ಕವಿದ ಬೆಳಿಗ್ಗೆ, ಹತ್ತು ಗಂಟೆ. ನಮ್ಮ ಪಾಳ್ಯದ ಓಣಿಗಳಲ್ಲಿ ಮನೆಗಳು ಒಂದಕ್ಕೊಂದು ಆತು ನಿಂತಿವೆ. ಕಿಟಕಿ ತೆಗೆದರೆ ಆಕಾಶಕ್ಕಿಂತ ಮೊದಲು ಎದುರು ಪಿಜಿಯ ಗೋಡೆ ಕಾಣುತ್ತದೆ. ಇದನ್ನು ಕೊರತೆ ಎಂದು ಭಾವಿಸುವವರಿದ್ದಾರೆ. ನನಗೆ ಇದು ವರ. ಆ ಗೋಡೆಗೆ ಬಿಳಿ ಬಣ್ಣ ಹೊಡೆದಿದ್ದಾರೆ, ಹಾಗಾಗಿ ಮೋಡದ ಬೆಳಕು ಅದಕ್ಕೆ ತಗುಲಿ ಮೆತ್ತಗಾಗಿ ನಮ್ಮ ಕಿಟಕಿಗೆ ಬರುತ್ತದೆ. ಎದುರು ಗೋಡೆ ಗುಲಾಬಿಯೋ ಹಸಿರೋ ಆಗಿದ್ದರೆ ಎಚ್ಚರ, ಮಗುವಿನ ಕೆನ್ನೆಗೂ ಆ ಬಣ್ಣ ಹತ್ತುತ್ತದೆ.

ಕಿಟಕಿಗೆ ತೆಳ್ಳನೆಯ ಬಿಳಿ ಪಂಚೆ ಕಟ್ಟಿದೆ. ಕಿಟಕಿಯಿಂದ ಮೂರಡಿ ದೂರದಲ್ಲಿ ಹಾಸಿಗೆ, ಅದರ ಮೇಲೆ ಒಗೆದ ಬಿಳಿ ಹೊದಿಕೆ, ಅದರ ಮೇಲೆ ಮಗು. ಆಚೆ ಬದಿಗೆ ಎರಡಡಿ ದೂರದಲ್ಲಿ ಥರ್ಮಾಕೋಲ್ ಹಲಗೆ ನಿಲ್ಲಿಸಿದೆ. ಪಂಚೆಯಿಂದ ಇಳಿದ ಬೆಳಕು ಮಗುವನ್ನು ದಾಟಿ ಹಲಗೆಗೆ ಬಡಿದು ಹಿಂದಿರುಗಿ, ನೆರಳಿನ ಕೆನ್ನೆಯನ್ನು ತುಂಬುತ್ತದೆ. ಹಲಗೆಯನ್ನು ಇನ್ನೂ ಹತ್ತಿರ ತಂದರೆ ಎರಡು ಕೆನ್ನೆಯೂ ಸಮವಾಗಿ ಮುಖ ಚಪ್ಪಟೆಯಾಗುತ್ತದೆ. ದೂರ ಒಯ್ದರೆ ನೆರಳು ಗಟ್ಟಿಯಾಗುತ್ತದೆ. ಹಿಂದೆ ಮುಂದೆ ಸರಿಸುತ್ತ, ಮೂಗಿನ ಪಕ್ಕದ ನೆರಳು ಹಾಲಿನ ಕೆನೆಯಷ್ಟು ತೆಳುವಾಗುವ ಜಾಗ ಸಿಕ್ಕಿದ ಮೇಲೆ ಕೈ ತೆಗೆದೆ.

ಎಕ್ಸ್‌ಪೋಷರನ್ನು ಬಿಳಿ ಹೊದಿಕೆಯಿಂದ ಅಳೆಯಲಿಲ್ಲ. ನನ್ನ ಅಂಗೈಯನ್ನು ಮಗುವಿನ ಪಕ್ಕ ಹಿಡಿದು ಅಳೆದೆ. ಮೈಬಣ್ಣ ಯಾವುದೇ ಇರಲಿ, ಅಂಗೈಗಳು ಹೆಚ್ಚುಕಡಿಮೆ ಒಂದೇ ಬಗೆಯವು, ನಡುಬೂದಿಗಿಂತ ಸುಮಾರು ಒಂದು ಸ್ಟಾಪ್ ಬೆಳಗು. ಅಂಗೈ ತೋರಿಸಿದ ಲೆಕ್ಕಕ್ಕೆ ಒಂದು ಸ್ಟಾಪ್ ಸೇರಿಸಿದರೆ ಮಗುವಿನ ಬಣ್ಣ ಮಗುವಿನದೇ ಬರುತ್ತದೆ, ಹೊದಿಕೆ ತಾನಾಗಿ ಬಿಳಿಯ ಅಂಚಿಗೆ ಏರುತ್ತದೆ. ಐಎಸ್ಒ 800, ಎಫ್ 4, ಸೆಕೆಂಡಿನ 200ನೇ ಒಂದು ಭಾಗ. ಚಿತ್ರದ ಕಪ್ಪನ್ನು ಎಡಕ್ಕೆ, ಬಿಳಿಯನ್ನು ಬಲಕ್ಕೆ ಹರಡಿ ತೋರಿಸುವ ಹಿಸ್ಟೋಗ್ರಾಂನ ಗುಡ್ಡ ಬಲಕ್ಕೆ ಒತ್ತಿಕೊಂಡಿತ್ತು. ಹೈ-ಕೀಯಲ್ಲಿ ಅದು ಸರಿ. ಹೊದಿಕೆಯ ಒಂದೆರಡು ತುದಿ ಬಲಗೋಡೆಗೆ ತಗುಲಿದರೂ ಚಿಂತೆಯಿಲ್ಲ, ಮುಖದ ಒಂದು ಚೂರೂ ತಗುಲಬಾರದು. ಎಡಗಡೆ ತೀರಾ ಬರಿದಾಗಿಯೂ ಇರಬಾರದು. ಅಲ್ಲೊಂದು ಸಣ್ಣ ಬಾಲ ಇರಬೇಕು. ಕಣ್ಣಿನ ಪಾಪೆ, ರೆಪ್ಪೆ, ಮತ್ತೆ ಕೆನ್ನೆಯ ಕಾಡಿಗೆಬೊಟ್ಟು: ಆ ಬಾಲ ಅವುಗಳದ್ದು.

ಈ ಬಾಲವೇ ನಾನು ಇಷ್ಟು ವರ್ಷದಲ್ಲಿ ಕಲಿತ ಪಾಠ. ತಾಯಂದಿರು ಮಗುವಿಗೆ ದೃಷ್ಟಿಬೊಟ್ಟು ಇಡುವುದು ಕೆಟ್ಟ ಕಣ್ಣು ಬೀಳದಿರಲಿ ಎಂದು. ಹೈ-ಕೀ ಚಿತ್ರಕ್ಕೂ ಒಂದು ದೃಷ್ಟಿಬೊಟ್ಟು ಬೇಕು, ನೋಡುವವರ ಕಣ್ಣು ಬಂದು ನಿಲ್ಲಲಿ ಎಂದು. ಬಿಳಿಯ ನಡುವೆ ಒಂದೇ ಒಂದು ನಿಜವಾದ ಕಪ್ಪು ಇದ್ದರೆ ಸುತ್ತಲಿನ ಬಿಳಿಗೆಲ್ಲ ಬೆಲೆ ಬರುತ್ತದೆ. ಅದು ಇಲ್ಲದಿದ್ದರೆ ಬಿಳಿ ಬಿಳಿಯಾಗಿಯೂ ಕಾಣುವುದಿಲ್ಲ, ಮಬ್ಬಾಗಿ ಕಾಣುತ್ತದೆ.

ಇನ್ನೊಂದು ಮಾತು, ಇದನ್ನು ನೋವಿನಿಂದಲೇ ಹೇಳುತ್ತೇನೆ. ಹೈ-ಕೀ ಎಂಬ ಹೆಸರಿನಲ್ಲಿ ಮೈಬಣ್ಣ ತೊಳೆಯುವುದು ನಿಲ್ಲಬೇಕು. ಕೊಡಾಕ್ ಕಂಪನಿ ತನ್ನ ಬಣ್ಣದ ಪ್ರಿಂಟುಗಳನ್ನು ಹೊಂದಿಸಲು ದಶಕಗಳ ಕಾಲ ಬಿಳಿಯ ಹೆಣ್ಣೊಬ್ಬಳ ಚಿತ್ರವನ್ನೇ ಅಳತೆಗೋಲು ಮಾಡಿಕೊಂಡಿತ್ತು. ಶರ್ಲಿ ಕಾರ್ಡ್ ಎಂದು ಅದಕ್ಕೆ ಹೆಸರು. ಆ ಅಳತೆಗೆ ಹೊಂದದ ಮುಖಗಳು ಮಸಿಯಾಗಿ ಬರುತ್ತಿದ್ದವು. ಇಂದಿನ ಕ್ಯಾಮೆರಾಗಳು ಎಲ್ಲ ಬಣ್ಣಗಳನ್ನೂ ಹಿಡಿಯಬಲ್ಲವು. ಆದರೂ ನಾವೇ ಆ ಹಳೆಯ ಕಾರ್ಡನ್ನು ಮನಸ್ಸಿನಲ್ಲಿಟ್ಟುಕೊಂಡು ಆರು ತಿಂಗಳ ಮಗುವಿನ ಕೆನ್ನೆ ತಿದ್ದುತ್ತೇವೆ. ಎಣ್ಣೆಗಪ್ಪು ಮುಖವೂ ಹೈ-ಕೀಯಲ್ಲಿ ಅದ್ಭುತವಾಗಿ ನಿಲ್ಲುತ್ತದೆ. ಸುತ್ತಲಿನ ಬಿಳಿಯಲ್ಲಿ ಆ ಬಣ್ಣದ ಕಾವು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಬೆಳಕನ್ನು ಮುಖದ ಸುತ್ತ ಹರಡಬೇಕು, ಮುಖಕ್ಕೆ ಬಳಿಯಬಾರದು.

ನಮ್ಮ ಸುದ್ದಗುಂಟೆಪಾಳ್ಯದ ಹೆಸರಿನಲ್ಲೂ ಬಿಳಿಯಿದೆ. ತೆಲುಗಿನಲ್ಲಿ ಸುದ್ದ ಎಂದರೆ ಸೀಮೆಸುಣ್ಣ, ಬಿಳಿಮಣ್ಣು. ಗುಂಟ ಎಂದರೆ ಗುಂಡಿ. ನಮ್ಮ ಊರಿನ ಹೆಸರನ್ನು ನಾನು ಬಿಳಿಮಣ್ಣಿನ ಗುಂಡಿಯ ಪಾಳ್ಯ ಎಂದೇ ಕೇಳಿಸಿಕೊಳ್ಳುತ್ತೇನೆ. ಇಲ್ಲಿಂದ ಸ್ವಲ್ಪ ನಡೆದರೆ ಡೈರಿ ಸರ್ಕಲ್, ಹಾಲಿನ ಹೆಸರಿನ ವೃತ್ತ. ಸೀಮೆಸುಣ್ಣದ ಬಿಳಿ ಬೇರೆ, ಹಾಲಿನ ಬಿಳಿ ಬೇರೆ, ಒಗೆದ ಪಂಚೆಯ ಬಿಳಿ ಬೇರೆ, ಅಜ್ಜಿಯ ತಲೆಗೂದಲಿನ ಬಿಳಿ ಬೇರೆ. ಇವನ್ನು ಬೇರೆಬೇರೆಯಾಗಿ ನೋಡಲು ಬಂದ ದಿನ ಹೈ-ಕೀ ಅರ್ಧ ಬಂದಂತೆ.

ಚಿತ್ರವನ್ನು ಹೊಳಪಿಲ್ಲದ ಮ್ಯಾಟ್ ಕಾಗದದ ಮೇಲೆ ಪ್ರಿಂಟು ಹಾಕಿಸಿದೆ. ಅಚ್ಚ ಬಿಳಿ ಇರುವಲ್ಲಿ ಶಾಯಿ ಬೀಳುವುದಿಲ್ಲ, ಕಾಗದವೇ ಬಿಳಿಯಾಗಿ ಉಳಿಯುತ್ತದೆ. ಹಾಗಾಗಿ ಚಿತ್ರದ ಅಂಚು ಗೋಡೆಯೊಂದಿಗೆ ಕರಗದಂತೆ ಸುತ್ತ ಕೂದಲೆಳೆಯ ಬೂದುಗೆರೆ ಹಾಕಿಸಿದೆ. ಸಂಜೆ ಕೆಳಗೆ ಹೋಗಿ ಅಜ್ಜಿಯ ಕೈಗೆ ಕೊಟ್ಟೆ. ಅವರು ಬೆಳಕನ್ನೂ ನೋಡಲಿಲ್ಲ, ಬಿಳಿಯನ್ನೂ ನೋಡಲಿಲ್ಲ. ಬೆರಳು ನೇರವಾಗಿ ಕೆನ್ನೆಗೆ ಹೋಯಿತು. “ಹಾಂ, ಇದು ನಮ್ಮ ಕೂಸು” ಎಂದರು. ಬೆರಳು ನಿಂತದ್ದು ಬೊಟ್ಟಿನ ಮೇಲೆ, ಆ ಇಡೀ ಕಾಗದದಲ್ಲಿ ಶಾಯಿ ಅತಿ ದಟ್ಟವಾಗಿ ಬಿದ್ದಿದ್ದ ಜಾಗದ ಮೇಲೆ.