ನಿನ್ನೆಯ ರೇಟು, ಮುಂದಿನ ವರ್ಷದ ಬೆಲ್ಲ

ಆಫೀಸಿನಲ್ಲಿ ನನ್ನ ಕೆಲಸ ಎದುರಾಳಿ ಕಂಪನಿಗಳ ಮೇಲೆ ಕಣ್ಣಿಡುವುದು. ಯಾರು ಬೆಲೆ ಇಳಿಸಿದರು, ಯಾರು ಹೊಸ ಪ್ಲಾನ್ ಬಿಟ್ಟರು, ಎಲ್ಲ ಸೋಮವಾರ ಬೆಳಿಗ್ಗೆ ಡ್ಯಾಶ್‌ಬೋರ್ಡ್ ಮೇಲೆ ಇರಬೇಕು. ಅದೇ ಗತ್ತಿನಲ್ಲಿ ದುದ್ದಕ್ಕೆ (ಹಾಸನದ್ದಲ್ಲ, ಮಂಡ್ಯದ್ದು) ಹೋದಾಗ, ಆಲೆಮನೆ ನಡೆಸುವ ಮಾವನಿಗೆ ಮೊಬೈಲಿನಲ್ಲಿ ‘ಕೃಷಿ ಮಾರಾಟ ವಾಹಿನಿ’ ತೆರೆದು ತೋರಿಸಿದೆ. ಮಂಡ್ಯ ಎಪಿಎಂಸಿ, ಬೆಲ್ಲ, ಕ್ವಿಂಟಾಲಿಗೆ ಕನಿಷ್ಠ, ಗರಿಷ್ಠ, ಮಾದರಿ ಬೆಲೆ.

ಮಾವ ನೋಡಿ ಕೇಳಿದ್ದು ಒಂದೇ: “ಕಬ್ಬು ಹಾಕಿದ್ರೆ ಬೆಲ್ಲ ಆಗಕ್ಕೆ ವರ್ಸ ಬೇಕು. ನಿನ್ನೆ ರೇಟ್ ಇಟ್ಕಂಡು ನಾನೇನ್ಲಾ ಮಾಡ್ಲಿ?”

ಬೆಲೆಪಟ್ಟಿ ದಂಡ ಅಂತಲ್ಲ. ಬೆಲ್ಲ ಗಾಡಿಗೆ ಹಾಕುವ ದಿನ ಅದು ಬೇಕೇಬೇಕು. ದಲ್ಲಾಳಿ ಹೇಳಿದ್ದೇ ರೇಟು ಅನ್ನುವ ಕಾಲ ಹೋಗಿದ್ದು ಹೀಗೆಯೇ. ಆದರೆ ಕಬ್ಬು ನಾಟಿ ಮಾಡಬೇಕಾ ಬೇಡವಾ ಅನ್ನುವ ಪ್ರಶ್ನೆಗೆ ಅದು ಹಳೇ ಸುದ್ದಿ. ಸಾಲದ್ದಕ್ಕೆ ಅದನ್ನು ಎಲ್ಲರೂ ನೋಡುತ್ತಾರೆ. ಈ ವರ್ಷ ರೇಟು ಚೆನ್ನಾಗಿದೆ ಅಂತ ಎಲ್ಲರೂ ಕಬ್ಬು ಹಾಕಿದರೆ, ಮುಂದಿನ ವರ್ಷ ರೇಟು ಬೀಳಿಸುವವರು ಅವರೇ.

ಮಾವ ನೋಡುವುದೇ ಬೇರೆ. ಮೊದಲು ಕೆಆರ್‌ಎಸ್ ಮಟ್ಟ. ತುಂಬಿದರೆ 124.80 ಅಡಿ, 2023ರಲ್ಲಿ ತುಂಬಲೇ ಇಲ್ಲ. ಅಂಥ ವರ್ಷ ಬೆಲೆಗಿಂತ ಮುಂಚೆ ನೀರಿನ ಲೆಕ್ಕ. ಆಮೇಲೆ ಸಕ್ಕರೆ ಕಾರ್ಖಾನೆ: ಯಾವಾಗ ಅರೆಯಲು ಶುರು ಮಾಡುತ್ತೆ, ದುಡ್ಡು ಯಾವಾಗ ಕೊಡುತ್ತೆ? ಕೇಂದ್ರ ನಿಗದಿ ಮಾಡಿದ ಎಫ್‌ಆರ್‌ಪಿ 2024-25ಕ್ಕೆ ಟನ್ನಿಗೆ 3,400 ರೂಪಾಯಿ, ಅದೂ ಇಳುವರಿ ಶೇ. 10.25 ಇದ್ದರೆ. ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶವೇ ಹೇಳುತ್ತದೆ. ಕಾರ್ಖಾನೆ ತಡಮಾಡಿದರೆ ಕಬ್ಬು ಆಲೆಮನೆ ಕಡೆ ತಿರುಗುತ್ತದೆ. ಸರಿಯಾಗಿ ಕೊಟ್ಟರೆ ಮಾವನ ಗಾಣಕ್ಕೆ ಕಬ್ಬೇ ಇಲ್ಲ.

ಅಂದರೆ ಮಾವನ ದೊಡ್ಡ ಎದುರಾಳಿ ಪಕ್ಕದೂರಿನ ಆಲೆಮನೆಯಲ್ಲ. ಬೆಲ್ಲವನ್ನೇ ಮಾಡದ ಕಾರ್ಖಾನೆ. ಇಬ್ಬರ ಕಣ್ಣೂ ಒಂದೇ ಕಬ್ಬಿನ ಮೇಲೆ.

ಇದು ನನಗೆ ನಾಟಿತು. ನಮ್ಮ ಎದುರಾಳಿಗಳ ಪಟ್ಟಿಯಲ್ಲಿ ಇರುವವರೆಲ್ಲ ನಾವು ಮಾರುವುದನ್ನೇ ಮಾರುವವರು. ಹೋದ ವರ್ಷ ನಮ್ಮ ತಂಡದ ಮೂವರು ಒಳ್ಳೇ ಇಂಜಿನಿಯರ್‌ಗಳನ್ನು ಎತ್ತಿಕೊಂಡು ಹೋದ ಕಂಪನಿ ಮಾರುವುದು ಪೂರಾ ಬೇರೆ ಸರಕು. ಆ ಹೆಸರು ನನ್ನ ಡ್ಯಾಶ್‌ಬೋರ್ಡ್‌ನಲ್ಲಿ ಒಂದು ದಿನವೂ ಬಂದಿರಲಿಲ್ಲ. ನಾವು ಮಾತ್ರ ಬೇರೆಯವರ ಬೆಲೆ ನೋಡಿ ಎರಡು ಸಲ ನಮ್ಮ ಬೆಲೆ ಇಳಿಸಿದ್ದೆವು.

ಊರಿಂದ ಬಂದ ಸೋಮವಾರ ಪ್ರತಿ ಕಾಲಮ್ಮಿನ ಪಕ್ಕ ಒಂದು ಪ್ರಶ್ನೆ ಬರೆದೆ: ಇದನ್ನು ನೋಡಿ ಯಾರು, ಯಾವ ತೀರ್ಮಾನ ತಗೋಬೇಕು, ಯಾವಾಗ? ಏಳು ಕಾಲಮ್ಮುಗಳಿಗೆ ಉತ್ತರ ಸಿಗಲಿಲ್ಲ. ತೆಗೆದುಬಿಟ್ಟೆ.

ತಿಂಗಳಾಯಿತು. ಎಲ್ಲಿ ಹೋಯಿತು ಅಂತ ಇನ್ನೂ ಯಾರೂ ಕೇಳಿಲ್ಲ.