ಪದಾರ್ಥವೂ ಪ್ರಸಂಗಾರ್ಥವೂ

ಭಾಷಾಪರೀಕ್ಷೆಗಳಲ್ಲಿ ಗದ್ಯಖಂಡವೊಂದನ್ನು ಕೊಟ್ಟು, ಅದರೊಳಗಿನ ಒಂದು ಪದಕ್ಕೆ ಗೆರೆಯೆಳೆದು, ‘ಇಲ್ಲಿ ಈ ಪದದ ಅರ್ಥವೇನು?’ ಎಂದು ಕೇಳುವ ಪದ್ಧತಿಯುಂಟಷ್ಟೆ. ಈ ಪ್ರಶ್ನೆಯ ಜೀವವೆಲ್ಲ ‘ಇಲ್ಲಿ’ ಎಂಬ ಮೊದಲ ಮಾತಿನಲ್ಲಿರುವುದು. ಆ ಮಾತನ್ನೇ ಮರೆತು, ನಿಘಂಟುವಿನ ಮೊದಲನೆಯ ಅರ್ಥವನ್ನು ಉತ್ತರವೆಂದಿರಿಸಿ, ಉಳಿದ ಆಯ್ಕೆಗಳನ್ನು ಸಂಬಂಧವಿಲ್ಲದ ಮಾತುಗಳಿಂದ ತುಂಬಿದರೆ ಆಗುವುದೇನು? ಗದ್ಯವನ್ನು ಓದದೆಯೇ ಉತ್ತರಿಸಬಹುದು. ಅದು ಕಂಠಪಾಠದ ಪರೀಕ್ಷೆಯೇ ಹೊರತು ಓದಿನ ಪರೀಕ್ಷೆಯಲ್ಲ.

ನಮ್ಮ ಸೀಮೆಯಿಂದಲೇ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ‘ಬೆಟ್ಟಿನಲ್ಲಿ ಮಳೆಗಾಲದ ಒಂದೇ ಬೆಳೆ ಬಂದಿತು, ಮಜಲಿನಲ್ಲಿ ಎರಡು ಬಂದುವು, ಬಯಲಿನಲ್ಲಿಯೋ ಮೂರನೆಯದಕ್ಕೂ ನೀರು ಉಳಿದಿತ್ತು.’ ಇಲ್ಲಿ ‘ಮಜಲು’ ಎಂದರೇನು? ಘಟ್ಟದ ಮೇಲಿನ ವಿದ್ಯಾರ್ಥಿಯು ಮಜಲೆಂದರೆ ಪ್ರಯಾಣದ ಹಂತವೆಂದು ಬಲ್ಲನು. ಬೆಟ್ಟು ಅವನಿಗೆ ಗುಡ್ಡವಾಗಿ ತೋರೀತು, ಬಯಲು ಬರಿಯ ಮೈದಾನವಾದೀತು. ಆದರೂ ಅವನು ತಾಳ್ಮೆಯಿಂದ ಓದಿದರೆ ಮಾರ್ಗವಿದೆ. ‘ಬೆಳೆ’ ಎಂಬ ಮಾತು ಇವು ಸಾಗುವಳಿಯ ನೆಲಗಳೆಂದು ತಿಳಿಸುವುದು. ಸಪ್ತಮೀ ವಿಭಕ್ತಿಯು ಸ್ಥಳವನ್ನು ಸೂಚಿಸುವುದು. ಒಂದು, ಎರಡು, ಮೂರು ಎಂಬ ಏರಿಕೆಯೂ ಕೊನೆಯಲ್ಲಿ ಬರುವ ನೀರೂ ಸೇರಿ, ಮಜಲೆಂದರೆ ನೀರಿನ ಅನುಕೂಲದಲ್ಲಿ ನಡುತರದ ಗದ್ದೆಯೆಂಬುದನ್ನು ಹೇಳಿಬಿಡುವುವು. ಉಡುಪಿ ಕಾರ್ಕಳಗಳ ಒಕ್ಕಲು ಹೇಳುವ ಅರ್ಥವೂ ಅದೇ. ‘ಹಂತ’ವನ್ನು ಆ ಸ್ಥಳದಲ್ಲಿಟ್ಟು ಓದಿದರೆ ವಾಕ್ಯವೇ ಒಪ್ಪದು.

ಇದಕ್ಕೆ ಬದಲಾಗಿ ‘ಅವನು ಮಜಲಿಗೆ ಹೋದನು’ ಎಂದಷ್ಟೇ ಕೊಟ್ಟರೆ? ಕಾರ್ಕಳದ ಹುಡುಗನಿಗೆ ಹುಟ್ಟಿದ ಊರಿನ ಬಲದಿಂದ ಅಂಕ ದೊರೆಯುವುದು. ರಾಯಚೂರಿನವನಿಗೆ ಅದೇ ಕಾರಣದಿಂದ ತಪ್ಪುವುದು. ಇಬ್ಬರೂ ಓದಿದಂತಾಗಲಿಲ್ಲ. ಮಿಯ್ಯಾರಿನ ಲವಕುಶ ಜೋಡುಕರೆ ಕಂಬಳದ ‘ಕರೆ’ಯ ಪಾಡೂ ಇಷ್ಟೇ: ಕೋಣಗಳೂ ಕೆಸರೂ ಓಟವೂ ಬಳಿಯಲ್ಲಿಲ್ಲದಿದ್ದರೆ ಅದು ಕೂಗೋ, ಕಲೆಯೋ, ಕಡಲ ತೀರವೋ, ಓಟದ ಹಾದಿಯೋ ಎಂದು ನಿರ್ಣಯಿಸುವುದು ಯಾರಿಂದಾದೀತು? ಹಾಗಿದ್ದರೂ ಆಯ್ಕೆಗಳಾಗಿ ಕೊಡಬೇಕಾದುವು ಈ ನಾಲ್ಕೇ. ನಾಲ್ಕೂ ಆ ಪದಕ್ಕೆ ನಿಜವಾಗಿ ಇರುವ ಅರ್ಥಗಳಾದುದರಿಂದ ಪ್ರಸಂಗವೊಂದೇ ತೀರ್ಪು ಹೇಳಬೇಕಾಗುವುದು.

ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡಿ, ಕನ್ನಡವನ್ನು ಶಾಲೆಯಲ್ಲಿ ಕಲಿಯುವ ನಮ್ಮ ಮಕ್ಕಳು ಅಕ್ಕಪಕ್ಕದ ಮಾತುಗಳಿಂದ ಅರ್ಥವನ್ನು ಊಹಿಸುವ ವಿದ್ಯೆಯನ್ನು ದಿನವೂ ಸಾಧಿಸುತ್ತಿರುವರು. ಕಂಠಪಾಠಕ್ಕೆ ಮಾತ್ರ ಅಂಕವೆಂದಾದರೆ ಆ ವಿದ್ಯೆಗೆ ಬೆಲೆಯೆಲ್ಲಿ?

ಕಾರ್ಕಳ ಸೀಮೆಯ ನಂದಳಿಕೆಯಲ್ಲಿ ಹುಟ್ಟಿ, ಉಡುಪಿಯಲ್ಲಿ ವ್ಯಾಯಾಮದ ಉಪಾಧ್ಯಾಯನಾಗಿದ್ದ ಮುದ್ದಣನು (1870–1901) ಇದರ ಮರ್ಮವನ್ನರಿತವನು. ಅವನ ‘ಶ್ರೀರಾಮಾಶ್ವಮೇಧ’ದಲ್ಲಿ ಕವಿಯು ಸಂಸ್ಕೃತದ ಬಿಗುಮಾನದಿಂದ ಕಥೆಯನ್ನು ತೊಡಗಿದೊಡನೆ ಮನೋರಮೆಯು ತಡೆಯುವಳು. ಹಳಗನ್ನಡವನ್ನು ಅಷ್ಟಾಗಿ ಅರಿಯದ ವಾಚಕನೂ ದಂಪತಿಗಳ ಈ ಸರಸದ ಜಗಳದಲ್ಲಿ ಯಾರು ಕೆಣಕಿದರು, ಯಾರು ಮುನಿದರು ಎಂಬುದನ್ನು ಹಿಡಿದು ಎಷ್ಟೋ ಪದಗಳ ಅರ್ಥವನ್ನು ತಾನೇ ಕಾಣುವನು. ಆ ಭಾಗವನ್ನು ಪಾಠವಾಗಿಟ್ಟು, ಕೊನೆಯಲ್ಲಿ ಅಚ್ಚಾದ ಪದಕೋಶದಿಂದಲೇ ಪ್ರಶ್ನೆಯನ್ನೆತ್ತಿದರೆ ಮನೋರಮೆಯ ನಗೆಯು ವಿದ್ಯಾರ್ಥಿಗೆ ಕೇಳಿಸದು. ಪ್ರಶ್ನೆ ರಚಿಸುವವರು ಪದಕೋಶದಲ್ಲಿಲ್ಲದ ಒಂದು ಪದವನ್ನು ಆರಿಸಿ, ಅರ್ಥದೊಡನೆ ‘ಇದನ್ನು ಯಾವ ಮಾತಿನಿಂದ ತಿಳಿದೆ?’ ಎಂದೂ ಕೇಳಿ ನೋಡಲಿ.